ಬಣ್ಣದಕ್ಕನ ಬೈತಲೆ

ತಪ್ಪೆಲ್ಲ ಆ ಗಿರಾಕಿಯ ಎತ್ತರದ್ದು. ಆರಡಿಗೂ ಮೇಲಿದ್ದ ಆ ಮನುಷ್ಯ ನಾಲ್ಕು ಇಂಚು ಗಿಡ್ಡಗಿದ್ದಿದ್ದರೆ ಕೌಂಟರಿನ ಆಚೆಯಿಂದ ಅವನಿಗೆ ಬಣ್ಣದಕ್ಕನ ಹಣೆಯಷ್ಟೇ ಕಾಣುತ್ತಿತ್ತು, ಎಲ್ಲರೂ ಅವರವರ ಪಾಡಿಗೆ ಸುಖವಾಗಿರುತ್ತಿದ್ದರು. ಬೆಳಿಗ್ಗೆ ಒಂಬತ್ತಕ್ಕೆ, ಬಣ್ಣದಂಗಡಿಯ ಬಾಗಿಲು ತೆರೆದು ಹತ್ತು ನಿಮಿಷವೂ ಆಗಿರಲಿಲ್ಲ, ಅವನು ತನ್ನ ಮನೆಯ ಗೋಡೆಯಿಂದ ಕೆರೆದು ತಂದ ಉಗುರಿನಷ್ಟು ಚಕ್ಕೆಯನ್ನು ಮುಂದಿಟ್ಟು, "ಇದೇ ಬಣ್ಣ ಬೇಕು, ಸ್ವಲ್ಪವೂ ಆಚೀಚೆ ಆಗಬಾರದು" ಎಂದ.

ಬಣ್ಣದಕ್ಕ ಚಕ್ಕೆಯನ್ನು ಒಮ್ಮೆ ನೋಡಿದಳು. ಎರಡನೇ ಸಲ ನೋಡುವ ಅಭ್ಯಾಸ ಅವಳಿಗಿರಲಿಲ್ಲ. ಬಿಳಿ ಬಣ್ಣದ ಡಬ್ಬ ತೆರೆದು, ಹಳದಿ ಮೂರು ತೊಟ್ಟು, ಕಂದು ಒಂದು ತೊಟ್ಟು, ಕಪ್ಪು ಇನ್ನೇನು ಬಿತ್ತು ಎನ್ನುವಷ್ಟು ಬಿಟ್ಟು, ಬಗ್ಗಿ ಕಲಕತೊಡಗಿದಳು. ಗಿರಾಕಿ ಮೇಲಿನಿಂದ ನೋಡುತ್ತಾ ನಿಂತಿದ್ದ.

"ಅಲ್ಲ ಮೇಡಂ, ನಿಮ್ಮ ಬೈತಲೇಲೇ ಎರಡು ಬಣ್ಣ ಇದೆಯಲ್ಲ" ಎಂದ ಅವನು. "ಬುಡದಲ್ಲಿ ಬಿಳಿ, ಮೇಲೆ ಕರಿ. ಅದನ್ನೇ ಹೊಂದಿಸಿಲ್ಲ ನೀವು, ನಮ್ಮ ಗೋಡೆ ಹೊಂದಿಸ್ತೀರಾ?"

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದ್ದ. ಆದರೆ ಎತ್ತರಕ್ಕೆ ತಕ್ಕ ಗಂಟಲಿತ್ತು ಅವನದು. ಗಾಜಿನ ಕೋಣೆಯೊಳಗಿದ್ದ ಯಜಮಾನರಿಗೂ ಕೇಳಿಸಿತು, ಬ್ರಶ್ಶು ಮತ್ತು ಉಜ್ಜುಕಾಗದ ಮಾರುವ ಕೌಂಟರಿನಲ್ಲಿ ಆಕಳಿಸುತ್ತಿದ್ದ ಭಾಮೈದನಿಗೂ ಕೇಳಿಸಿತು. ಈ ಭಾಮೈದ ಯಜಮಾನರ ಹೆಂಡತಿಯ ತಮ್ಮ. ಆದರೆ ಅವನನ್ನು ಇಡೀ ಅಂಗಡಿ, ಸಾಮಾನು ಇಳಿಸುವ ಲಾರಿ ಡ್ರೈವರ್‌ಗಳೂ ಸೇರಿ, ಭಾಮೈದ ಎಂದೇ ಕರೆಯುತ್ತಿತ್ತು. ಅವನಿಗೆ ಬೇರೆ ಅರ್ಹತೆ ಇದ್ದಿದ್ದರೆ ಬೇರೆ ಹೆಸರೂ ಬರುತ್ತಿತ್ತೇನೋ. ಅವನ ತಲೆ ತುಂಬ ಗುಂಗುರು ಗುಂಗುರಾಗಿ ಹುಟ್ಟು ಕಪ್ಪು ಕೂದಲಿತ್ತು.

ಬಣ್ಣದಕ್ಕ ಆ ಅಂಗಡಿಯಲ್ಲಿ ಬಣ್ಣ ಹೊಂದಿಸಲು ಕೂತು ಇಪ್ಪತ್ತೆರಡು ವರ್ಷವಾಗಿತ್ತು. ಒಡೆದ ಕಪ್ಪಿನ ಹಿಡಿ, ಮಗುವಿನ ಒಂಟಿ ಕಾಲುಚೀಲ, ತೀರಿಹೋದ ತಾಯಿಯ ರವಿಕೆಯ ತುಂಡು, ಜನ ಏನು ತಂದುಕೊಟ್ಟರೂ ಅದರ ಬಣ್ಣವನ್ನು ಡಬ್ಬದಲ್ಲಿ ಎಬ್ಬಿಸಿ ಕೊಡುತ್ತಿದ್ದಳು. ಕೌಂಟರಿನ ಹಿಂದೆ ಅವಳದೊಂದು ತಿರುಗುವ ಕುರ್ಚಿ. ಸೀಟಿನ ಬಟ್ಟೆ ಹರಿದು ಸ್ಪಂಜು ಇಣುಕುತ್ತಿದ್ದರೂ ಅದರಲ್ಲಿ ಯಜಮಾನರು ಕೂಡ ಕೂರುತ್ತಿರಲಿಲ್ಲ. ಆ ಕುರ್ಚಿಯಲ್ಲಿ ಕೂತಾಗ ತಾನು ಯಾರಿಗೂ ಕಡಿಮೆಯಲ್ಲ ಎನಿಸುತ್ತಿತ್ತು ಅವಳಿಗೆ. ಮನೆಯಲ್ಲಿ ಹಾಗೆ ಅನಿಸಿದ್ದು ಕಡಿಮೆ.

ತಲೆಗೂದಲಿನ ವಿಷಯ ಬೇರೆ. ಹದಿನೈದು ವರ್ಷದಿಂದ ಹತ್ತು ದಿನಕ್ಕೊಮ್ಮೆ ಕರಿ ಹಚ್ಚುತ್ತಿದ್ದಳು. ಹಚ್ಚಿದ ಐದನೇ ದಿನಕ್ಕೆ ಬುಡದಲ್ಲಿ ಬಿಳಿ ಇಣುಕುತ್ತಿತ್ತು, ಎಂಟನೇ ದಿನಕ್ಕೆ ಬೈತಲೆಯುದ್ದಕ್ಕೂ ಸುಣ್ಣದ ಗೆರೆ ಎಳೆದಂತಾಗುತ್ತಿತ್ತು. ಈ ಸಲ ಕೆಲಸದ ಗಡಿಬಿಡಿಯಲ್ಲಿ ತಿಂಗಳಾದರೂ ಹಚ್ಚಿರಲಿಲ್ಲ.

ಗಿರಾಕಿ ಹೋದ ಮೇಲೆ ಯಜಮಾನರು ಹೊರಗೆ ಬಂದರು.

"ಬಣ್ಣದಕ್ಕ, ತಪ್ಪು ತಿಳ್ಕೋಬೇಡಿ. ಸಾಯಂಕಾಲ ಐದಕ್ಕೆ ಕಂಪನಿಯವರು ಬರ್ತಿದ್ದಾರಲ್ಲ, ಬಣ್ಣ ಹೊಂದಿಸೋ ಮಿಷನ್ ತರ್ತಾರೆ. ಅವರು ಈ ಕೌಂಟರ್ ನೋಡ್ತಾರೆ, ಕೂತಿರೋರನ್ನೂ ನೋಡ್ತಾರೆ. ಮಿಷನ್ನೇ ಸಾಕು ಅಂದ್ಬಿಟ್ರೆ ನಾನೇನೂ ಹೇಳೋಹಾಗಿಲ್ಲ. ಗುಂಡಿ ಒತ್ತೋಕೆ ಯಾರಾದ್ರೂ ಆಗುತ್ತೆ."

"ಯಾರಾದ್ರೂ ಅಂದ್ರೆ?" ಎಂದಳು ಬಣ್ಣದಕ್ಕ.

ಯಜಮಾನರು ಭಾಮೈದನ ಕಡೆ ನೋಡಲಿಲ್ಲ. ನೋಡದೆ ಇರಲು ಬಹಳ ಕಷ್ಟಪಟ್ಟರು. "ನಿಮಗೆ ಗೋಡೌನ್ ಇದ್ದೇ ಇದೆ. ಡಬ್ಬಕ್ಕೆ ಚೀಟಿ ಅಂಟಿಸ್ಕೊಂಡು ಆರಾಮಾಗಿ ಇರಬಹುದು."

ಗೋಡೌನ್‌ನಲ್ಲಿ ಕಿಟಕಿ ಇರಲಿಲ್ಲ. ಇದ್ದ ಒಂದೇ ಬಲ್ಬಿನ ಬೆಳಕಲ್ಲಿ ಕೆಂಪು ಯಾವುದು ಕಂದು ಯಾವುದು ತಿಳಿಯುತ್ತಿರಲಿಲ್ಲ. ಬಣ್ಣದಕ್ಕನಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಹಠ ಬಂತು. ಹಠ ಬಂದ ಮೇಲೆ ಅವಳನ್ನು ತಡೆಯುವವರು ಇರಲಿಲ್ಲ.

"ನಂಗೆ ಅರ್ಧ ದಿನ ರಜೆ ಬೇಕು. ಐದಕ್ಕೆ ಮುಂಚೆ ಬರ್ತೀನಿ" ಎಂದಳು.

"ಅಕ್ಕ, ನೀವು ನಿಧಾನಕ್ಕೆ ಬನ್ನಿ. ನಾನು ನೋಡ್ಕೋತೀನಿ" ಎಂದ ಭಾಮೈದ, ಆಗಲೇ ಆ ಕುರ್ಚಿಯ ಮೇಲೆ ಒಂದು ಕಣ್ಣಿಟ್ಟು.

ಮತ್ತೆ ಕರಿ ಹಚ್ಚಿದರೆ ಕೆಲಸ ಮುಗಿಯುತ್ತಿತ್ತಲ್ಲ ಎಂದು ಯಾರಾದರೂ ಕೇಳಬಹುದು. ದಾರಿಯಲ್ಲಿ ಅವಳೂ ತನ್ನನ್ನು ತಾನು ಕೇಳಿಕೊಂಡಳು. ಆದರೆ ಇವತ್ತು ಹಚ್ಚಿದರೆ ಮುಂದಿನ ವಾರ ಇನ್ನೊಬ್ಬ ಎತ್ತರದ ಗಿರಾಕಿ ಬರುತ್ತಾನೆ. ಕಡು ಬಣ್ಣದ ಗೋಡೆಯಲ್ಲಿ ಸುಣ್ಣದ ಒಂದು ಚುಕ್ಕೆ ಬಿದ್ದರೂ ಕಣ್ಣಿಗೆ ರಾಚುತ್ತದೆ, ತಿಳಿ ಬಣ್ಣದ ಗೋಡೆಯಲ್ಲಿ ಬಕೆಟ್ಟೇ ಚೆಲ್ಲಿದರೂ ಗೊತ್ತಾಗುವುದಿಲ್ಲ. ಇದನ್ನು ಸಾವಿರ ಗಿರಾಕಿಗಳಿಗೆ ಹೇಳಿದ್ದ ಅವಳು ತನ್ನ ತಲೆಗೆ ಮಾತ್ರ ಹದಿನೈದು ವರ್ಷ ಕಡು ಬಣ್ಣವನ್ನೇ ಬಳಿದುಕೊಂಡಿದ್ದಳು. ಇಡೀ ತಲೆಯನ್ನು ತಿಳಿ ಮಾಡಿಬಿಟ್ಟರೆ? ತಿಳಿ ನೇರಳೆ. ಬುಡದಲ್ಲಿ ಬಿಳಿ ಎಷ್ಟು ಬಂದರೂ ಅದರೊಳಗೆ ಸೇರಿಹೋಗುತ್ತದೆ. ಬಣ್ಣದ ಕೌಂಟರಿನಲ್ಲಿ ಬಣ್ಣದ ತಲೆ. ಕಂಪನಿಯವನು ಮಿಷನ್ ಮರೆತು ನೋಡಬೇಕು, ಹಾಗಿರುತ್ತದೆ.

ಪಾರ್ಲರಿನಾಕೆ ಅವಳ ಕೂದಲನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು.

"ಎಷ್ಟು ವರ್ಷದಿಂದ ಕರಿ ಹಚ್ತಿದ್ದೀರಿ ಆಂಟಿ?"

"ಹದಿನೈದು."

"ಅಷ್ಟು ವರ್ಷದ ಕರಿ ಒಂದೇ ದಿನಕ್ಕೆ ಹೋಗಲ್ಲ. ಮೊದಲು ಬ್ಲೀಚ್ ಮಾಡ್ಬೇಕು, ಎರಡು ವಾರ ಬಿಡ್ಬೇಕು, ಮತ್ತೆ ಮಾಡ್ಬೇಕು. ಮೂರು ಸಲ ಬನ್ನಿ."

"ನಂಗೆ ನಾಲ್ಕು ಗಂಟೆಗೆ ಬೇಕು."

ಪಾರ್ಲರಿನಾಕೆ ಗೋಡೆ ಗಡಿಯಾರ ನೋಡಿ, ಆಮೇಲೆ ಬಣ್ಣದಕ್ಕನ ಮುಖ ನೋಡಿ, ಇವರ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ ಎಂದು ತೀರ್ಮಾನಿಸಿದಳು. ಬ್ಲೀಚಿನ ಪುಡಿ, ಅದಕ್ಕೆ ಕಲಸುವ ದ್ರಾವಣ, ತಿಳಿ ನೇರಳೆಯ ಡಬ್ಬಿ, ಅದರ ಜೊತೆಗೇ ಬರುವ ತಿಳಿ ಗುಲಾಬಿಯ ಡಬ್ಬಿ, ಒಂದು ಜೊತೆ ಕೈಗವಸು ಕೊಟ್ಟಳು. "ಉರಿ ಬಂದ್ರೆ ತಕ್ಷಣ ತೊಳ್ಕೊಳ್ಳಿ. ಯಾರ ಹತ್ರ ಮಾಡಿಸಿದ್ರಿ ಅಂತ ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳ್ಬೇಡಿ" ಎಂದಳು.

ಬಣ್ಣದಕ್ಕನ ಮನೆ ಎರಡನೇ ಮಹಡಿಯಲ್ಲಿ. ಗಂಡ ಕೆಲಸಕ್ಕೆ ಹೋಗಿದ್ದ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಎಂಬತ್ತೊಂದು ವರ್ಷದ ಅತ್ತೆ ಕೂತಿದ್ದರು. ಅತ್ತೆಯ ತಲೆ ಹತ್ತಿಯಷ್ಟು ಬೆಳ್ಳಗಿತ್ತು. ಒಂದು ದಿನವೂ ಅದಕ್ಕೆ ಏನೂ ಹಚ್ಚಿದವರಲ್ಲ, ಆ ವಿಷಯ ದಿನಕ್ಕೊಮ್ಮೆಯಾದರೂ ಹೇಳದೆ ಬಿಟ್ಟವರೂ ಅಲ್ಲ.

ಬಣ್ಣದಕ್ಕ ಕೆಲಸವನ್ನು ತನಗೆ ಗೊತ್ತಿದ್ದ ಕ್ರಮದಲ್ಲೇ ಶುರುಮಾಡಿದಳು. ಬಚ್ಚಲಿನ ನೆಲಕ್ಕೆ ಹಳೆ ಪೇಪರ್ ಹಾಸಿದಳು. ಬಣ್ಣ ಬಳಿಯುವಾಗ ಕಿಟಕಿ ಚೌಕಟ್ಟಿಗೆ ಅಂಟಿಸುವ ಕಾಗದದ ಟೇಪನ್ನು ಹಣೆಯ ಉದ್ದಕ್ಕೂ, ಎರಡೂ ಕಿವಿಗಳ ಸುತ್ತಲೂ ನೀಟಾಗಿ ಅಂಟಿಸಿಕೊಂಡಳು. ಬ್ಲೀಚನ್ನು ಗಂಟಿಲ್ಲದೆ ಕಲಸಿ, ಎರಡಿಂಚಿನ ಹೊಸ ಬ್ರಶ್ಶಿನಿಂದ ಮೇಲಿಂದ ಕೆಳಕ್ಕೆ, ಗೋಡೆಗೆ ಬಳಿದಂತೆ ಬಳಿದುಕೊಂಡಳು. ಹತ್ತು ನಿಮಿಷಕ್ಕೆ ನೆತ್ತಿ ಚುರುಗುಟ್ಟಿತು. ಗೋಡೌನ್‌ನ ಬಲ್ಬನ್ನು ನೆನೆದುಕೊಂಡು ಹಲ್ಲು ಕಚ್ಚಿ ಕೂತಳು.

ತೊಳೆದು ಕನ್ನಡಿ ನೋಡಿದಳು. ಬುಡದ ಅರ್ಧ ಇಂಚು ಹಾಲಿನಂತೆ ಬೆಳ್ಳಗಿತ್ತು. ಅಲ್ಲಿಂದ ಮುಂದೆ ಇಡೀ ತಲೆ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಬೆಳಿಗ್ಗೆ ಆರಡಿಯವನಿಗೆ ಮಾತ್ರ ಕಾಣುತ್ತಿದ್ದದ್ದು ಈಗ ಕೂಸಿಗೂ ಕಾಣುವಂತಾಗಿತ್ತು.

"ಏನೇ ಇದು, ತಲೆಗೆ ಬೆಂಕಿ ಬಿದ್ದಿದೆಯಲ್ಲೇ" ಎಂದರು ಅತ್ತೆ ಬಾಗಿಲಲ್ಲಿ ನಿಂತು. "ನಾನು ಒಂದು ದಿನವೂ ತಲೆಗೆ ಏನೂ ಹಚ್ಚಿದೋಳಲ್ಲ."

"ಗೊತ್ತು ಅತ್ತೆ. ಸ್ವಲ್ಪ ಆಚೆ ನಿಂತ್ಕೊಳ್ಳಿ."

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಕೆಳಗಿನ ಮನೆಯ ಕೆಮಿಸ್ಟ್ರಿ ಮೇಷ್ಟ್ರು. ನಿವೃತ್ತಿಯಾಗಿ ಹನ್ನೊಂದು ವರ್ಷವಾದರೂ ಪಾಠ ಮಾಡುವುದನ್ನು ಬಿಟ್ಟಿರಲಿಲ್ಲ, ವಿದ್ಯಾರ್ಥಿಗಳು ಮಾತ್ರ ಸಿಗುತ್ತಿರಲಿಲ್ಲ.

"ಪೈಪಿನಲ್ಲಿ ಅಮೋನಿಯಾ ವಾಸನೆ ಬಂತು" ಎಂದರು ಮೇಷ್ಟ್ರು, ಮೂಗನ್ನೂ ತಲೆಯನ್ನೂ ಒಟ್ಟಿಗೇ ಒಳಗೆ ತೂರಿಸುತ್ತಾ. "ಯಾರಿಗೋ ಅಪಾಯ ಆಗಿದೆ ಅಂತ ಓಡಿಬಂದೆ." ಅವಳ ತಲೆ ನೋಡಿ, ಬಂದದ್ದು ತಡವಾಯಿತು ಎಂಬ ಮುಖ ಮಾಡಿದರು. ಆದರೂ ವಾಪಸು ಹೋಗಲಿಲ್ಲ. ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಬಚ್ಚಲ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡರು. "ಎರಡನೇ ಸಲ ಹಚ್ಚಮ್ಮ. ಬುಡಕ್ಕೆ ತಾಗಿಸ್ಬೇಡ, ಉದ್ದಕ್ಕೆ ಮಾತ್ರ. ಸಮಯ ನಾನು ಹೇಳ್ತೀನಿ."

ಎರಡನೇ ಸಲಕ್ಕೆ ಇಟ್ಟಿಗೆ ಹೋಗಿ ಹಳದಿ ಬಂತು, ಹಳೇ ಪುಸ್ತಕದ ಹಾಳೆಯಂಥ ಹಳದಿ. ತುದಿಯ ಕೂದಲು ಕೈಗೆ ಬಂದು ಬಚ್ಚಲ ತೂತಿನ ಹತ್ತಿರ ಗುಂಪು ಸೇರಿತು. "ಇನ್ನೊಂದು ಸಲ ಹಚ್ಚಿದ್ರೆ ಪೂರ್ತಿ ಬಿಳಿ ಆಗುತ್ತೆ" ಎಂದರು ಮೇಷ್ಟ್ರು. "ಆದ್ರೆ ಬಿಳಿ ಆಗೋಕೆ ಕೂದಲು ಇರಲ್ಲ."

ಬಣ್ಣದಕ್ಕನಿಗೆ ಇಲ್ಲಿಂದ ಮುಂದೆ ಯಾರ ಪಾಠವೂ ಬೇಕಿರಲಿಲ್ಲ. ಹಳದಿಯನ್ನು ಕೊಲ್ಲುವುದು ನೇರಳೆ, ಇದು ಅವಳ ಕಸುಬಿನ ಮೊದಲ ಅಕ್ಷರ. ನೇರಳೆಯ ಡಬ್ಬಿಯನ್ನು ಬಳಿದುಕೊಂಡು, ಮೇಷ್ಟ್ರು ಹೇಳಿದಷ್ಟು ಹೊತ್ತು ಕೂತು, ತೊಳೆದಳು.

ಉದ್ದಕ್ಕಿದ್ದ ಕೂದಲು ಹಳದಿ ಇನ್ನೂ ಇಣುಕುವ ಸಿಮೆಂಟಿನ ಬಣ್ಣಕ್ಕೆ ಬಂದಿತ್ತು. ಆದರೆ ಬುಡ ನೋಡಿ ಅವಳು ಕನ್ನಡಿಗೆ ಇನ್ನಷ್ಟು ಹತ್ತಿರ ಬಗ್ಗಿದಳು. ಬಿಳಿ ಕೂದಲಿದ್ದ ಆ ಅರ್ಧ ಇಂಚಿನಲ್ಲಿ ಮಾತ್ರ ನೇರಳೆ ಕೂತಿತ್ತು, ಅದೂ ಎಂಥ ನೇರಳೆ. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಶುದ್ಧವಾದ ತಿಳಿ ಬಣ್ಣವನ್ನು ಅವಳು ಡಬ್ಬದಲ್ಲಿ ಎಬ್ಬಿಸಿರಲಿಲ್ಲ. ಹದಿನೈದು ವರ್ಷ ಯಾರಿಗೂ ಕಾಣದಂತೆ ಮುಚ್ಚಿಟ್ಟ ಕೂದಲೊಂದೇ ಬಣ್ಣ ಹಿಡಿದಿತ್ತು. ಅವಳಿಗೆ ಸಂತೋಷವಾಯಿತು, ಅದರ ಬೆನ್ನಿಗೇ ಹೊಟ್ಟೆ ಉರಿಯಿತು. ಇಷ್ಟು ವರ್ಷಗಳನ್ನು ಕರಿ ಹಚ್ಚಿ ಹಾಳುಮಾಡಿಕೊಂಡೆನಲ್ಲ ಎನಿಸಿತು.

ಫೋನು ಬಡಿದುಕೊಂಡಿತು. ಭಾಮೈದ.

"ಅಕ್ಕ, ಒಂದು ವಿಷಯ. ಕುರ್ಚಿ ಎತ್ತರ ಮಾಡೋ ಹಿಡಿ ಎಲ್ಲಿದೆ? ನಂಗೆ ಸ್ವಲ್ಪ ತಗ್ಗಾಗ್ತಿದೆ."

"ಅದರಲ್ಲಿ ಯಾಕೆ ಕೂತಿದ್ದೀಯ?"

"ಅಭ್ಯಾಸ ಆಗ್ಲಿ ಅಂತ. ನೀವೇನೂ ಗಡಿಬಿಡಿ ಮಾಡ್ಕೋಬೇಡಿ. ಅಂದ ಹಾಗೆ ಆಗ್ಲೇ ಒಂದ್ಸಲ ಫೋನ್ ಮಾಡಿದ್ದೆ, ನಿಮ್ಮತ್ತೆ ಎತ್ಕೊಂಡ್ರು. ತಲೆಗೆ ಏನೋ ಮಾಡ್ಕೋತಿದ್ದೀರಂತೆ. ಬಣ್ಣ ಕೂರ್ಲಿಲ್ಲ ಅಂದ್ರೆ ಒಂದು ಕೋಟ್ ಪ್ರೈಮರ್ ಹೊಡೀರಿ."

ಬಣ್ಣದಕ್ಕ ಫೋನನ್ನು ಸೋಪಿನ ಪೆಟ್ಟಿಗೆಯ ಮೇಲೆ ಕುಕ್ಕಿದಳು. ಗಂಟೆ ಎರಡೂವರೆ ಆಗಿತ್ತು. ಇನ್ನೊಮ್ಮೆ ನೇರಳೆ ಬಳಿದು ನೋಡೋಣವೆಂದು ತಲೆಯನ್ನು ನಲ್ಲಿಯ ಕೆಳಗೆ ಕೊಟ್ಟು, ಕಣ್ಣು ಮುಚ್ಚಿ ಬಗ್ಗಿದಳು.

ಅತ್ತೆಗೆ ಇಷ್ಟು ಹೊತ್ತು ಸುಮ್ಮನಿದ್ದು ಸಾಕಾಗಿತ್ತು. ಈ ಮನೆಯಲ್ಲಿ ಹಳದಿ ಹಿಡಿದ ಬಿಳಿ ಬಟ್ಟೆಗಳನ್ನು ಅರವತ್ತು ವರ್ಷ ಬಿಳುಪು ಮಾಡಿದ ಕೈ ಅವರದು. ಆ ಕೈಗೆ ಗೊತ್ತಿದ್ದ ಮದ್ದು ಒಂದೇ, ಬಟ್ಟೆಗೆ ಹಾಕುವ ನೀಲಿ. ಸೊಸೆ ಬಗ್ಗಿದ್ದನ್ನು ನೋಡಿ, ಒಂದು ಚೊಂಬು ನೀರಿಗೆ ಕಾಲು ಬಾಟಲಿ ನೀಲಿ ಸುರಿದು, ಹೇಳದೆ ಕೇಳದೆ ತಲೆಯ ಮೇಲೆ ಹೊಯ್ದರು.

"ಅತ್ತೆ, ಏನು ಹಾಕಿದ್ರಿ?"

"ನೀಲಿ ಕಣೇ. ಬಟ್ಟೆಯ ಹಳದಿ ಹೋಗುತ್ತೆ, ತಲೆಯದು ಹೋಗಲ್ವಾ?"

ಹಳದಿಯ ಮೇಲೆ ನೀಲಿ ಬಿದ್ದರೆ ಏನಾಗುತ್ತದೆ ಎಂದು ಬಣ್ಣದಕ್ಕನಿಗೆ ಕನ್ನಡಿ ನೋಡದೆಯೇ ಗೊತ್ತಾಯಿತು. ನೋಡಿದಾಗ ಅದೇ ಆಗಿತ್ತು. ಉದ್ದ ಕೂದಲೆಲ್ಲ ಗಿಳಿಹಸಿರು.

"ಮೊದಲಿಗಿಂತ ಎಷ್ಟೋ ವಾಸಿ" ಎಂದರು ಅತ್ತೆ.

ಮೇಷ್ಟ್ರು ಬಾಯಿ ತೆರೆದರು. ಅವಳು ಅವರ ಕಡೆ ತಿರುಗಿ ನೋಡಿದ ಬಗೆಗೆ ಹಾಗೇ ಮುಚ್ಚಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕೂತು ಅತ್ತುಬಿಡುತ್ತಿದ್ದರು. ಬಣ್ಣದಕ್ಕ ಹೊಸ ಟೇಪು ಹರಿದು ಕಿವಿಗೆ ಅಂಟಿಸಿಕೊಂಡಳು. ಹಸಿರನ್ನು ಕೊಲ್ಲುವುದು ಕೆಂಪಿನ ಜಾತಿ. ಗುಲಾಬಿಯ ಡಬ್ಬಿ ಇತ್ತು. ಅದಕ್ಕೆ ಉಳಿದ ನೇರಳೆ ಸೇರಿಸಿ, ಬೆರಳ ತುದಿಯಲ್ಲಿ ತೆಗೆದು ನೋಡಿ, ಮತ್ತಷ್ಟು ಸೇರಿಸಿ, ಎಳೆ ಎಳೆಯಾಗಿ ಬಿಡಿಸಿ ಹಚ್ಚುತ್ತಾ ಹೋದಳು. ಎಷ್ಟು ಸೇರಿಸಿದೆ ಎಂದು ಬರೆದಿಟ್ಟುಕೊಳ್ಳುವ ಪುರುಸೊತ್ತು ಇರಲಿಲ್ಲ. ಕೈ ಹೇಳಿದಂತೆ ಕೇಳಿದಳು.

ಮೂರು ಮುಕ್ಕಾಲಿಗೆ ತಲೆ ಒಣಗಿತು. ಬಚ್ಚಲ ಬಲ್ಬಿನ ಬೆಳಕಲ್ಲಿ ಅದು ಬುಡದಿಂದ ತುದಿಯವರೆಗೆ ಒಂದೇ ಸಮನಾದ, ಮೃದುವಾದ ನೇರಳೆಯಾಗಿತ್ತು. ಬಿಳಿ ಎಲ್ಲಿ ಮುಗಿಯಿತು, ಬ್ಲೀಚು ಎಲ್ಲಿ ಶುರುವಾಯಿತು ಎಂದು ಅವಳ ಕಣ್ಣಿಗೂ ಸಿಗಲಿಲ್ಲ. ಟೇಪು ಕಿತ್ತು, ಬಟ್ಟೆ ಬದಲಿಸಿ, ಹೊರಟಳು.

"ಬೂದಿ ಬಣ್ಣ ಚೆನ್ನಾಗಿ ಬಂದಿದೆ" ಎಂದರು ಅತ್ತೆ, ಕಿಟಕಿಯ ಹತ್ತಿರ.

"ಬೂದಿ ಎಲ್ಲಿ ಬಂತು? ತಿಳಿ ನೀಲಿ" ಎಂದರು ಮೇಷ್ಟ್ರು, ಮೆಟ್ಟಿಲ ಹತ್ತಿರದಿಂದ.

ಬಣ್ಣದಕ್ಕ ಕೇಳಿಸದವಳಂತೆ ಮೆಟ್ಟಿಲಿಳಿದಳು. ಬಸ್ಸಿನಲ್ಲಿ ಅವಳ ಹಿಂದಿನ ಸೀಟಿನ ಇಬ್ಬರು ಹೆಂಗಸರು ಪಿಸುಗುಟ್ಟತೊಡಗಿದರು.

"ಎಳೇ ಹಸಿರು ಎಷ್ಟು ಚೆಂದ ಅಲ್ವಾ?"

"ಹಸಿರಲ್ಲ ಕಣೇ, ಗುಲಾಬಿ."

"ಬಿಸಿಲಿಗೆ ಬಂದಾಗ ನೋಡೇ."

"ನೆರಳಿಗೆ ಹೋದಾಗ ನೀನು ನೋಡು."

ಇದೇನೆಂದು ಬಣ್ಣದಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಬಣ್ಣದವರು ಇದಕ್ಕೆ ಹೆದರುತ್ತಾರೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದು, ಹೊರಗಿನ ಬಿಸಿಲಲ್ಲಿ ಇನ್ನೊಂದು, ಮನೆಯ ಬಲ್ಬಿನಲ್ಲಿ ಮತ್ತೊಂದು ಕಾಣುವ ಬಣ್ಣ. ಗಿರಾಕಿ ಡಬ್ಬ ಹೊತ್ತು ವಾಪಸು ಬಂದು ಜಗಳಾಡುವುದು ಇಂಥದ್ದಕ್ಕೇ. ಇಪ್ಪತ್ತೆರಡು ವರ್ಷ ಅಂಥ ಒಂದು ಡಬ್ಬವನ್ನೂ ಅವಳು ಕೌಂಟರ್ ದಾಟಲು ಬಿಟ್ಟಿರಲಿಲ್ಲ. ಇವತ್ತು, ಇದ್ದ ಒಂದು ಕುರ್ಚಿ ಉಳಿಸಿಕೊಳ್ಳಬೇಕಾದ ದಿನವೇ, ಅದನ್ನು ತಲೆಯ ಮೇಲೆ ಹೊತ್ತುಕೊಂಡು ಹೊರಟಿದ್ದಳು. ಮುಂದಿನ ಸ್ಟಾಪಿನಲ್ಲಿ ಇಳಿದು ಮನೆಗೆ ಹೋಗಿಬಿಡಲೇ ಎನಿಸಿತು. ಆಮೇಲೆ ಭಾಮೈದ ಹಿಡಿ ಹುಡುಕುತ್ತಾ ಕುರ್ಚಿಯ ಕೆಳಗೆ ಕೈಯಾಡಿಸುತ್ತಿರುವುದು ಕಣ್ಣಿಗೆ ಕಟ್ಟಿತು. ಬ್ಯಾಗನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದು ಕೂತಳು.

ಅಂಗಡಿಯಲ್ಲಿ ಕಂಪನಿಯವನು ಆಗಲೇ ಬಂದಿದ್ದ. ಇಸ್ತ್ರಿ ಕೆಡದ ಅಂಗಿಯ, ತೆಳ್ಳಗಿನ, ಚುರುಕು ಕಣ್ಣಿನ ಮನುಷ್ಯ. ಕೌಂಟರಿನ ಮೇಲೆ ಟಾರ್ಚಿನ ಗಾತ್ರದ ಮಿಷನ್ ಇಟ್ಟುಕೊಂಡು ತೋರಿಸುತ್ತಿದ್ದ. ಮಿಷನ್ನಿನ ಮೂತಿಯನ್ನು ಒಂದು ಹೆಂಚಿಗೆ ಒತ್ತಿದರೆ ಟಿಕ್ ಎಂದು ಸದ್ದು, ಪರದೆಯಲ್ಲಿ ಅಂಕಿ, ಅಂಕಿಯಂತೆ ಸುರಿದರೆ ಅದೇ ಹೆಂಚಿನ ಬಣ್ಣ. ಕುರ್ಚಿಯಲ್ಲಿ ಕೂತ ಭಾಮೈದ ಗುಂಡಿ ಒತ್ತುತ್ತಿದ್ದ, ಪ್ರತಿ ಸಲವೂ ತಾನೇ ಕಂಡುಹಿಡಿದವನಂತೆ ಎಲ್ಲರ ಮುಖ ನೋಡುತ್ತಿದ್ದ.

ಬಣ್ಣದಕ್ಕ ಒಳಗೆ ಬಂದಾಗ ಯಜಮಾನರ ದವಡೆ ಇಳಿಯಿತು. ಏನೋ ಹೇಳಹೊರಟು, ಕೆಮ್ಮಿ, "ಇವರೇ ನಮ್ಮ ಬಣ್ಣದಕ್ಕ" ಎಂದಷ್ಟೇ ಹೇಳಿದರು.

"ನಮಸ್ಕಾರ ಮೇಡಂ" ಎಂದ ಕಂಪನಿಯವನು ಮಿಷನ್ನಿನಿಂದ ಕಣ್ಣೆತ್ತದೆ. "ಇಂಥ ಮಿಷನ್ ಇದ್ದ ಮೇಲೆ ನಿಮ್ಮ ಕೆಲಸ ಹಗುರ ಆಗುತ್ತೆ."

"ಎಷ್ಟು ಹಗುರ ಆಗುತ್ತೆ ಅಂತ ಬೆಳಿಗ್ಗೆನೇ ಹೇಳಿದ್ರು" ಎಂದಳು ಬಣ್ಣದಕ್ಕ. ಅವನು ತಲೆಯೆತ್ತಿ ನೋಡುತ್ತಿದ್ದಂತೆ ಬ್ಯಾಗನ್ನು ಇಡಲು ಟ್ಯೂಬ್‌ಲೈಟಿನ ಕೆಳಗಿಂದ ಬಾಗಿಲ ಪಕ್ಕದ ಕಪಾಟಿಗೆ ನಡೆದಳು.

"ಒಂದು ನಿಮಿಷ" ಎಂದ ಕಂಪನಿಯವನು. "ಈಗ ತಾನೇ ನೀವು ಗುಲಾಬಿ ಇದ್ರಿ."

ಬಣ್ಣದಕ್ಕ ಬ್ಯಾಗು ಹಿಡಿದೇ ತಿರುಗಿದಳು.

"ಇಲ್ಲಿ ಬನ್ನಿ. ಹಾಂ, ಗುಲಾಬಿ. ಈಗ ಬಾಗಿಲ ಹತ್ರ ಹೋಗಿ. ಹಸಿರು." ಅವನು ಎದ್ದು ಅವಳ ಸುತ್ತ ಒಂದು ಸುತ್ತು ಬಂದ. "ಯಾವ ಶೇಡ್ ಇದು?"

ಕ್ಷಮೆ ಕೇಳಬೇಕೋ ಓಡಬೇಕೋ ತಿಳಿಯದಿದ್ದರೂ ಬಣ್ಣದಕ್ಕ ಗಲ್ಲ ಎತ್ತಿದಳು. "ನಾನೇ ಕಲಸಿದ್ದು."

ಕಂಪನಿಯವನು ಬ್ಯಾಗಿನಿಂದ ಎರಡು ಸಾವಿರ ಬಣ್ಣಗಳ ದಪ್ಪ ಪುಸ್ತಕ ತೆಗೆದು, ಒಂದೊಂದೇ ಚೀಟಿಯನ್ನು ಅವಳ ತಲೆಗೆ ಹಿಡಿದು ನೋಡತೊಡಗಿದ. ಒಂದೂ ಹೊಂದಲಿಲ್ಲ. ಮಿಷನ್ನಿನ ಮೂತಿಯನ್ನು ನೆತ್ತಿಗೆ ಒತ್ತಿದ. ಟಿಕ್. ಅಂಕಿ ಬಂತು, ಭಾಮೈದ ಸುರಿದ, ಕಲಕಿದ, ಡಬ್ಬದಲ್ಲಿ ಕೆಸರು ಎದ್ದಿತು. ಎರಡನೇ ಸಲ ಹಾಕಿದಾಗ ಬೇರೆ ಕೆಸರು. ಮೂರನೇ ಸಲ ಮಿಷನ್ ಅಂಕಿಯನ್ನೇ ಕೊಡದೆ ಕೆಂಪು ದೀಪ ಮಿನುಗಿಸಿತು.

"ಮಿಷನ್‌ಗೆ ಆಗ್ತಿಲ್ಲ" ಎಂದ ಕಂಪನಿಯವನು, ಬೇಸರವಿಲ್ಲದೆ. ಅವನ ಕಣ್ಣುಗಳು ಹೊಳೆಯುತ್ತಿದ್ದವು. "ಮುಂದಿನ ವರ್ಷದ ಹೊಸ ಶೇಡಿಗೆ ಎಂಟು ತಿಂಗಳಿಂದ ಹುಡುಕ್ತಿದ್ದೀವಿ ಮೇಡಂ. ಬೆಳಿಗ್ಗೆ ಗೋಡೆಗೆ ಒಂದು ಬಣ್ಣ, ಸಾಯಂಕಾಲ ಅದೇ ಗೋಡೆಗೆ ಇನ್ನೊಂದು ಬಣ್ಣ. ಲ್ಯಾಬಿನೋರಿಗೆ ಸಿಕ್ಕಿರಲಿಲ್ಲ. ಇದನ್ನ ಮಿಷನ್ ಹಿಡಿಯಲ್ಲ, ಮನುಷ್ಯರ ಕಣ್ಣೇ ಬೇಕು." ಯಜಮಾನರ ಕಡೆ ತಿರುಗಿದ. "ಈ ಅಂಗಡಿಗೆ ಮಿಷನ್ ಬೇಡ. ಈ ಕುರ್ಚೀಲಿ ಕಣ್ಣಿರೋ ಮನುಷ್ಯರು ಕೂರ್ಬೇಕು. ಇವತ್ತಿಂದಲೇ ಶುರು ಮಾಡೋಣ."

ಬಣ್ಣದಕ್ಕನಿಗೆ ಕಣ್ಣು ತುಂಬಿ ಬಂತು. ನೆತ್ತಿಯ ಉರಿ, ಗಿಳಿಹಸಿರು, ಬಸ್ಸಿನ ಹೆಂಗಸರು, ಎಲ್ಲ ಸಾರ್ಥಕವಾಯಿತು. ಮಿಷನ್ ಸೋತಿತ್ತು, ಗೋಡೌನ್ ದೂರವಾಗಿತ್ತು. ಅವಳು ಕೌಂಟರಿನ ಹಿಂದೆ ಹೋಗಿ ಭಾಮೈದನ ಮುಂದೆ ನಿಂತು, "ಏಳಪ್ಪ" ಎಂದಳು. ಭಾಮೈದ ಎದ್ದ. ಇಪ್ಪತ್ತೆರಡು ವರ್ಷದಲ್ಲಿ ಆ ಕುರ್ಚಿ ಇಷ್ಟು ಚೆಂದ ಕಂಡಿರಲಿಲ್ಲ ಅವಳಿಗೆ.

"ಅಲ್ಲಿ ಅಲ್ಲ ಮೇಡಂ" ಎಂದ ಕಂಪನಿಯವನು. ಗಿರಾಕಿಗಳ ಸ್ಟೂಲನ್ನು ಎಳೆದು ಕೌಂಟರಿನ ಈಚೆ, ಟ್ಯೂಬ್‌ಲೈಟಿನ ನೇರ ಕೆಳಗೆ ಇಟ್ಟ. "ನೀವು ಇಲ್ಲಿ."

"ಬಣ್ಣ ಹೊಂದಿಸೋದು ನಾನು."

"ಬೇರೆ ಯಾವ ಬಣ್ಣ ಆದ್ರೂ ನೀವೇ. ಆದ್ರೆ ಇದು ನಿಮ್ಮ ತಲೆ. ನಿಮಗೆ ಕಾಣಲ್ಲವಲ್ಲ."

"ಕನ್ನಡಿ ಇಟ್ಕೋತೀನಿ."

"ಕನ್ನಡೀಲಿ ನೋಡಿ ಬಣ್ಣ ಹೊಂದಿಸಬಹುದಾ ಮೇಡಂ? ಇಷ್ಟು ವರ್ಷ ಕೆಲಸ ಮಾಡಿದೋರು, ನೀವೇ ಹೇಳಿ."

ಹೊಂದಿಸಬಹುದು ಎಂದುಬಿಟ್ಟರೆ ಕುರ್ಚಿ ಅವಳದಾಗುತ್ತಿತ್ತು. ಆದರೆ ಕನ್ನಡಿಯ ಗಾಜು ತನ್ನದೇ ಒಂದು ಹಸಿರು ಸೇರಿಸುತ್ತದೆ, ಅದನ್ನು ಅಂಗಡಿಯವರಿಗೆಲ್ಲ ಹೇಳಿಕೊಟ್ಟವಳೇ ಅವಳು. ಕಸುಬಿನ ವಿಷಯದಲ್ಲಿ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಕೌಂಟರಿನ ಕತ್ತರಿ ತೆಗೆದುಕೊಂಡು ಒಂದು ಎಳೆ ಕತ್ತರಿಸಿ ಬಿಳಿ ತಟ್ಟೆಯ ಮೇಲಿಟ್ಟಳು. "ಇದನ್ನ ನೋಡಿ ಮಾಡ್ತೀನಿ." ತಟ್ಟೆಯ ಮೇಲೆ ಬಿದ್ದ ಎಳೆ ಗುಡಿಸಿದ ಕಸದಂತೆ ಕಂಡಿತು. ಆ ಬಣ್ಣ ಕಾಣುತ್ತಿದ್ದದ್ದು ಬುಡದಲ್ಲಿ, ಇಡೀ ತಲೆಯ ಕೂದಲು ಒಟ್ಟಿಗಿದ್ದಾಗ. ಅದು ಅವಳಿಗೂ ಕಂಡಿತು.

"ಹಾಗಾದ್ರೆ ಕುರ್ಚೀಲಿ ಯಾರು?" ಎಂದು ಕೇಳಿದಳು, ಉತ್ತರ ಗೊತ್ತಿದ್ದೂ.

ಭಾಮೈದ ಆಗಲೇ ಕೂತಿದ್ದ. ಅವನಿಗೆ ಕುರ್ಚಿಯ ಹಿಡಿ ಮಧ್ಯಾಹ್ನವೇ ಸಿಕ್ಕಿತ್ತು.

"ಎಷ್ಟು ದಿನ?" ಎಂದಳು.

"ಶೇಡ್ ಓಡುವಷ್ಟು ದಿನ. ಒಂದು ವರ್ಷ ಅಂದ್ಕೊಳ್ಳಿ" ಎಂದ ಕಂಪನಿಯವನು. "ದಿನಾ ಕಲಸೋ ಡಬ್ಬಕ್ಕೆಲ್ಲ ಇದೇ ಸ್ಯಾಂಪಲ್. ಬಿಸಿಲಿಗೆ ಹೋಗಬೇಡಿ, ತಲೆಗೆ ನೀರು ಆದಷ್ಟು ಕಡಿಮೆ. ಮತ್ತೆ ಆ ಬುಡ ನೋಡಿ, ಬಣ್ಣ ನಿಂತಿರೋದೇ ಅಲ್ಲಿ. ಹೊಸದಾಗಿ ಬಿಳಿ ಬಂದ ಹಾಗೆಲ್ಲ ಇವತ್ತು ಮಾಡಿದ ಹಾಗೇ ಮಾಡಬೇಕು. ಐದು ದಿನಕ್ಕೊಮ್ಮೆ ಸಾಕು."

ಬಣ್ಣದಕ್ಕ ಯಜಮಾನರ ಮುಖ ನೋಡಿದಳು. ಮಿಷನ್ ಕೊಳ್ಳುವುದು ತಪ್ಪಿದ ಸಂತೋಷದಲ್ಲಿ ಅವರು ಅವಳ ಕಡೆಯೇ ಹೆಮ್ಮೆಯಿಂದ ನೋಡುತ್ತಿದ್ದರು. ಬೆಳಿಗ್ಗೆ ತೊಟ್ಟಿದ್ದ ಹಠ ಇನ್ನೂ ಮೈಯಲ್ಲಿತ್ತು, ಅದನ್ನು ಎಲ್ಲಿಡುವುದು ಎಂದು ಅವಳಿಗೆ ತಿಳಿಯಲಿಲ್ಲ. ಸ್ಟೂಲಿನ ಮೇಲೆ ಕೂತಳು.

ಭಾಮೈದ ಬಿಳಿ ಬಣ್ಣದ ಡಬ್ಬ ತೆರೆದ. "ಅಕ್ಕ, ಸ್ವಲ್ಪ ತಲೆ ಬಗ್ಗಿಸಿ."

ಬಗ್ಗಿಸಿದಳು. ಬಗ್ಗಿಸಿದವಳಿಗೆ ನೆಲದ ಟೈಲುಗಳಷ್ಟೇ ಕಾಣುತ್ತಿದ್ದವು. ಮೇಲೆ, ನೀಲಿ ಇಡುವ ಮೂಲೆಯಿಂದ ತೆಗೆದ ಬಾಟಲಿ ಓರೆಯಾದ ಸದ್ದು ಕೇಳಿಸಿತು. ಒಂದು ತೊಟ್ಟು, ಎರಡು, ಮೂರು, ನಾಲ್ಕು. ಎರಡಕ್ಕೇ ನಿಲ್ಲಬೇಕಿತ್ತು.

"ನೀಲಿ ಜಾಸ್ತಿ ಆಯ್ತು ಕಣೋ" ಎಂದಳು.

"ಅಲ್ಲಾಡಬೇಡಿ ಅಕ್ಕ" ಎಂದ ಭಾಮೈದ. "ಬಣ್ಣ ಬದಲಾಗುತ್ತೆ."